‘ಡಿ-ಐಸ್’ ಎಂಬ ಶಬ್ದದ ಚರಿತ್ರೆ: ಕಳೆಯುವುದು ಮತ್ತು ಕಟ್ಟದಂತೆ ತಡೆಯುವುದು

ಪಾರಿಭಾಷಿಕ ಪದಗಳ ಹಸ್ತಪ್ರತಿಯೊಂದು ಪರಿಶೀಲನೆಗೆಂದು ನಮ್ಮ ಬಳಿಗೆ ಬಂದಿತ್ತು. ಅದರಲ್ಲಿ ವಿಮಾನಶಾಸ್ತ್ರಕ್ಕೆ ಸಂಬಂಧಿಸಿದ ಪುಟಗಳಲ್ಲಿ ‘ಡಿ-ಐಸಿಂಗ್’ ಮತ್ತು ‘ಆಂಟಿ-ಐಸಿಂಗ್’ ಎಂಬ ಎರಡು ಇಂಗ್ಲಿಷ್ ಶಬ್ದಗಳಿದ್ದುವು. ಎರಡರ ಎದುರಿಗೂ ‘ಹಿಮನಿವಾರಣೆ’ ಎಂಬ ಒಂದೇ ಕನ್ನಡ ಶಬ್ದವನ್ನು ಬರೆಯಲಾಗಿತ್ತು. ಮೊದಲ ನೋಟಕ್ಕೆ ನಮಗೂ ಇದರಲ್ಲಿ ದೋಷವೇನೂ ತೋರಲಿಲ್ಲ. ಮಂಜುಗಡ್ಡೆಯನ್ನೇ ಅಪರೂಪವಾಗಿ ಕಾಣುವ ನಾಡಿನಲ್ಲಿ ಅದನ್ನು ತೆಗೆಯುವ ಬಗೆಗಳಿಗೆ ಎರಡು ಹೆಸರುಗಳೇಕೆ ಎಂದು ಯಾರಾದರೂ ಕೇಳಿದ್ದರೆ ನಾವು ಉತ್ತರ ಕೊಡಲಾರದೆ ಹೋಗುತ್ತಿದ್ದೆವು. ಆದರೆ ಆ ಎರಡು ಶಬ್ದಗಳ ಪೂರ್ವೋತ್ತರವನ್ನು ವಿಚಾರಿಸುತ್ತ ಹೋದಂತೆ, ಇವು ಪರ್ಯಾಯಪದಗಳಲ್ಲವೆಂಬುದೂ, ಇವುಗಳ ನಡುವಣ ಅಂತರವನ್ನು ಲೋಕವು ಬಹು ದುಬಾರಿಯ ಬೆಲೆ ತೆತ್ತು ಕಲಿಯಿತೆಂಬುದೂ ವಿದಿತವಾಯಿತು. ಆ ವಿಚಾರಣೆಯ ಫಲವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಶಬ್ದದ ರೂಪವನ್ನು ನೋಡೋಣ. ‘ಐಸ್’ ಎಂಬುದು ಇಂಗ್ಲಿಷಿನ ಅತ್ಯಂತ ಹಳೆಯ ಶಬ್ದಗಳಲ್ಲೊಂದು. ಹಳೆಯ ಇಂಗ್ಲಿಷಿನಲ್ಲಿ ಅದರ ಉಚ್ಚಾರಣೆ ‘ಈಸ್’ ಎಂದಿತ್ತು. ಜರ್ಮನ್ ಭಾಷೆಯಲ್ಲಿಯೂ ಇದೇ ಮೂಲದ ಶಬ್ದವಿದೆ. ಅದಕ್ಕೆ ಹತ್ತಿದ ‘ಡಿ’ ಎಂಬ ಉಪಸರ್ಗವಾದರೋ ಲ್ಯಾಟಿನ್ನಿನಿಂದ, ಭಾಗಶಃ ಫ್ರೆಂಚಿನ ಮೂಲಕ, ಬಂದದ್ದು. ಅಚ್ಚ ದೇಶೀಯ ಪ್ರಕೃತಿಗೆ ಪರಭಾಷೆಯ ಉಪಸರ್ಗ ಸೇರಿ ಆದ ಈ ಜೋಡಣೆಯನ್ನು ನಮ್ಮ ಕೇಶಿರಾಜನು ಕಂಡಿದ್ದರೆ ಅರಿಸಮಾಸದ ಸಾಲಿನಲ್ಲಿ ನಿಲ್ಲಿಸಿಬಿಡುತ್ತಿದ್ದನೋ ಏನೋ! ಇಂಗ್ಲಿಷಿನವರಿಗೆ ಅಂಥ ಮಡಿವಂತಿಕೆಯಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ ಈಚೆಗೆ ಈ ಉಪಸರ್ಗವು ಅವರ ಭಾಷೆಯಲ್ಲಿ ಹೊಸ ಕ್ರಿಯಾಪದಗಳನ್ನು ಹುಟ್ಟಿಸುವ ಜೀವಂತ ಸಾಧನವಾಯಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ಮೈಮೇಲಿನ ಹೇನುಗಳನ್ನು ತೆಗೆಯಬೇಕಾಗಿ ಬಂದಾಗ ‘ಡಿಲೌಸ್’ ಬಂದಿತು. 1923ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಅಮೆರಿಕದ ಲೇಖಕನು ತನ್ನ ಕಾದಂಬರಿಯಲ್ಲಿ ಪೊಳ್ಳನ್ನು ಬಯಲುಮಾಡುವುದಕ್ಕೆ ‘ಡಿಬಂಕ್’ ಎಂಬ ಪದವನ್ನು ಚಲಾವಣೆಗೆ ತಂದನು. ‘ಡಿ-ಐಸ್’ ಈ ತಲೆಮಾರಿಗೆ ಸೇರಿದ ಶಬ್ದ. ಅದು ಮುದ್ರಿತ ಇಂಗ್ಲಿಷಿನಲ್ಲಿ ನೆಲೆನಿಂತದ್ದು 1930ರ ದಶಕದಲ್ಲಿ.

ಇಂಥ ಉಪಸರ್ಗವೊಂದು ಕನ್ನಡದಲ್ಲಿಲ್ಲ. ನಮ್ಮಲ್ಲಿ ಕಳೆಯುವ ವಸ್ತುವಿಗೆ ತಕ್ಕಂತೆ ಕ್ರಿಯಾಪದವೇ ಬೇರೆಯಾಗುತ್ತದೆ. ಕೆರೆಯ ಹೂಳನ್ನು ಎತ್ತುತ್ತೇವೆ, ಗದ್ದೆಯ ಕಳೆಯನ್ನು ಕೀಳುತ್ತೇವೆ, ಕಾಯಿಯನ್ನು ಸುಲಿಯುತ್ತೇವೆ, ಹುಣಸೆಯ ಬೀಜವನ್ನು ಬಿಡಿಸುತ್ತೇವೆ, ಹೇನನ್ನು ತೆಗೆಯುತ್ತೇವೆ. ಮಂಜುಗಡ್ಡೆಗೆ ಯಾವ ಕ್ರಿಯಾಪದ ಒಪ್ಪುವುದೆಂಬುದನ್ನು ನಮ್ಮ ಹಿರಿಯರು ಗೊತ್ತುಮಾಡಿಲ್ಲ. ಅವರಿಗೆ ಆ ಪ್ರಸಂಗವೇ ಬರಲಿಲ್ಲ. ‘ಮಂಜುಗಡ್ಡೆ’ ಎಂಬುದಾದರೂ ‘ಮಂಜು’ ಮತ್ತು ‘ಗಡ್ಡೆ’ ಎಂಬೆರಡು ಕನ್ನಡ ಶಬ್ದಗಳು ಕೂಡಿ ಆದ ಪದ. ಅದರ ಪೂರ್ವಪದವಾದ ‘ಮಂಜು’ ನಮಗೆ ಬೆಳಗಿನ ಮುಸುಕನ್ನೂ ಇಬ್ಬನಿಯನ್ನೂ ಬೆಟ್ಟದ ಮೇಲಿನ ಹಿಮವನ್ನೂ ಏಕಕಾಲದಲ್ಲಿ ಸೂಚಿಸುತ್ತದೆ. ಆಕಾಶದಿಂದ ಬೀಳುವ ಮಂಜುಗಡ್ಡೆಗೆ ಮಾತ್ರ ‘ಆಲಿಕಲ್ಲು’ ಎಂಬ ಖಚಿತವಾದ ಹೆಸರಿದೆ, ಏಕೆಂದರೆ ಅದು ನಮ್ಮ ರೈತನ ಬೆಳೆಯ ಮೇಲೆ ಬೀಳುತ್ತದೆ. ಸಂಸ್ಕೃತದಲ್ಲಿ ಶಬ್ದಸಮೃದ್ಧಿಯಿದೆಯಾದರೂ ಅಮರಕೋಶವು ಹಿಮ, ತುಷಾರ, ನೀಹಾರ, ತುಹಿನ, ಪ್ರಾಲೇಯಗಳನ್ನು ಒಂದೇ ಗುಂಪಿನಲ್ಲಿ ಸೇರಿಸಿ ಹೇಳುತ್ತದೆ. ಇಂಗ್ಲಿಷಿನವನು ಐಸ್, ಸ್ನೋ, ಫ್ರಾಸ್ಟ್ ಎಂದು ಮೂರಾಗಿ ಒಡೆಯುವುದನ್ನು ಅದು ಒಡೆಯುವುದಿಲ್ಲ.

ಯೂರೋಪಿನ ಇತರ ಭಾಷೆಗಳು ಈ ಕ್ರಿಯೆಗೆ ತಮ್ಮ ತಮ್ಮ ದಾರಿ ಹಿಡಿದುವು. ಜರ್ಮನರು ತಮ್ಮದೇ ಉಪಸರ್ಗದಿಂದ ‘ಎಂಟ್‌ಐಸೆನ್’ ಎಂದು ಮಾಡಿಕೊಂಡರು. ಫ್ರೆಂಚರು ಮಂಜುಗಡ್ಡೆಯ ಸಾಮಾನ್ಯ ಶಬ್ದವನ್ನು ಬಿಟ್ಟು, ಕೊಂಬೆರೆಂಬೆಗಳ ಮೇಲೆ ಬೆಳ್ಳಗೆ ಕೂಡುವ ‘ಝೀವ್ರ್’ ಎಂಬ ಹಿಮದ ಹೆಸರಿನಿಂದ ‘ದೇಝೀವ್ರೆ’ ಎಂಬ ಕ್ರಿಯಾಪದವನ್ನು ರಚಿಸಿದರು. ಫ್ರೆಂಚರ ಆಯ್ಕೆ ನಮಗೆ ಹೆಚ್ಚು ಸೂಕ್ಷ್ಮವೆಂದು ತೋರುತ್ತದೆ. ಈ ಶಬ್ದದ ಚರಿತ್ರೆಯಲ್ಲಿ ಮುಖ್ಯ ಪಾತ್ರ ವಹಿಸುವುದು ಕೊಳದ ಮೇಲೆ ಹಲಗೆಯಂತೆ ಹೆಪ್ಪುಗಟ್ಟುವ ಮಂಜುಗಡ್ಡೆಯಲ್ಲ, ಹಾರುವ ವಿಮಾನದ ರೆಕ್ಕೆಗೆ ಅಂಟಿಕೊಳ್ಳುವ ಮಂಜುಗಡ್ಡೆ.

ಅದರ ಸ್ವಭಾವವನ್ನು ಇಲ್ಲಿ ಸಂಕ್ಷೇಪವಾಗಿಯಾದರೂ ಹೇಳಬೇಕು. ನೀರು ಶೂನ್ಯ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೆಪ್ಪುಗಟ್ಟುತ್ತದೆಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಮೋಡದಲ್ಲಿರುವ ಅತಿ ಸಣ್ಣ ನೀರಹನಿಗಳು ಈ ನಿಯಮಕ್ಕೆ ತಲೆಬಾಗುವುದಿಲ್ಲ. ಶೂನ್ಯಕ್ಕಿಂತ ಎಷ್ಟೋ ಕೆಳಗೆ, ಕೆಲವು ಸಂದರ್ಭಗಳಲ್ಲಿ ಸುಮಾರು −40 ಡಿಗ್ರಿಯವರೆಗೂ, ಅವು ದ್ರವವಾಗಿಯೇ ಉಳಿದಿರಬಲ್ಲುವು. ಹೆಪ್ಪು ಹಾಕದ ಹಾಲು ಎಷ್ಟು ಹೊತ್ತು ಇಟ್ಟರೂ ಚೆನ್ನಾಗಿ ಮೊಸರಾಗದೆ ಇರುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಈ ಹನಿಗಳ ಸ್ಥಿತಿಯೂ ಕಾರಣದಲ್ಲಿ ಬೇರೆಯಾದರೂ ತೋರಿಕೆಯಲ್ಲಿ ಅದರಂತೆಯೇ. ಅವು ಹೆಪ್ಪಿಗಾಗಿ ಕಾದಿರುತ್ತವೆ. ವಿಮಾನದ ರೆಕ್ಕೆ ಬಂದು ತಾಕಿದೊಡನೆ ಅದೇ ಹೆಪ್ಪಾಗುತ್ತದೆ, ಹನಿಗಳು ಅಲ್ಲಿಯೇ ಗಡ್ಡೆಕಟ್ಟುತ್ತವೆ. ಈ ಗಡ್ಡೆಯ ಅಪಾಯವು ಅದರ ಭಾರದಲ್ಲಿದೆಯೆಂದು ಜನಸಾಮಾನ್ಯರು ಎಣಿಸುವುದು ಸಹಜ. ನಿಜವಾದ ಅಪಾಯವಿರುವುದು ಆಕಾರದಲ್ಲಿ. ರೆಕ್ಕೆಯ ನಯವಾದ ಬಾಗು ಕೆಟ್ಟರೆ ಗಾಳಿಯು ಅದನ್ನು ಎತ್ತುವ ಶಕ್ತಿಯೂ ಕೆಡುತ್ತದೆ. ರೆಕ್ಕೆಯ ಮುಂಚೂಣಿಯಲ್ಲಿಯೂ ಮೇಲ್ಮೈಯಲ್ಲಿಯೂ ಒರಟು ಉಪ್ಪುಕಾಗದದಷ್ಟು ತರಿ ಇದ್ದರೂ ಎತ್ತುವ ಬಲವು 30 ಪಾಲಿನವರೆಗೆ ಕುಗ್ಗಬಹುದೆಂದೂ, ಗಾಳಿಯ ತಡೆಯು 40 ಪಾಲಿನವರೆಗೆ ಹೆಚ್ಚಬಹುದೆಂದೂ ಅಮೆರಿಕದ ವಿಮಾನಾಡಳಿತವು ಎಚ್ಚರಿಸಿದೆ. ಇಲ್ಲಿ ಪಾಲೆಂದರೆ ನೂರಕ್ಕೆ ಇಷ್ಟೆಂಬ ಲೆಕ್ಕ.

ಈ ಶತ್ರುವನ್ನು ಮೊದಲು ಎದುರಿಸಿದವರು 1920ರ ದಶಕದಲ್ಲಿ ಅಮೆರಿಕದ ಅಂಚೆಯ ಚೀಲಗಳನ್ನು ಹೊತ್ತು ಅಲೆಘೆನಿ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ಹಾರುತ್ತಿದ್ದ ವೈಮಾನಿಕರು. ಅವರಿಗೆ ತಿಳಿದಿದ್ದ ಉಪಾಯ ಒಂದೇ: ಅಂಥ ಮೋಡದಿಂದ ತಪ್ಪಿಸಿಕೊಳ್ಳುವುದು. ಅಮೆರಿಕ ಸರಕಾರದ ವಿಮಾನ ಸಂಶೋಧನಾ ಸಮಿತಿಯ ಪರವಾಗಿ ಥಾಮಸ್ ಕ್ಯಾರಲ್ ಮತ್ತು ವಿಲಿಯಂ ಮೆಕ್‌ಅವೊಯ್ ಎಂಬ ಇಬ್ಬರು ವೈಮಾನಿಕರು ಬೇಕೆಂದೇ ಹಿಮಕಟ್ಟುವ ಮೋಡಗಳೊಳಗೆ ಹಾರಿ 1929ರಲ್ಲಿ ವರದಿ ಬರೆದರು. ಆ ವರದಿಯ ಶೀರ್ಷಿಕೆಯಲ್ಲಿರುವುದು ಹಿಮವು ‘ಉಂಟಾಗುವ’ ಮಾತು. ಮರುವರ್ಷ ಅದೇ ಸಮಿತಿಯ ಪ್ರಯೋಗಶಾಲೆಯವರು ರೆಕ್ಕೆಗೆ ಬಳಿಯುವ ಗ್ರೀಸು, ಮೇಣ ಮುಂತಾದ ಲೇಪಗಳನ್ನು ತಂಪುಗಾಳಿಯ ಸುರಂಗದಲ್ಲಿ ಪರೀಕ್ಷಿಸಿದರು. ಆ ವರದಿಯ ಶೀರ್ಷಿಕೆಯಲ್ಲಿರುವುದು ಹಿಮವು ಕಟ್ಟದಂತೆ ‘ತಡೆಯುವ’ ಮಾತು. ವಿದ್ವಾಂಸರ ಮನಸ್ಸು ಎತ್ತ ಹರಿಯುತ್ತಿತ್ತೆಂಬುದಕ್ಕೆ ಇದು ಸಾಕ್ಷಿ. ಕಟ್ಟಿದ ಮೇಲೆ ಕಳೆಯುವುದೆಂಬ ಕಲ್ಪನೆ ಇನ್ನೂ ಮುಂದೆ ಬಂದಿರಲಿಲ್ಲ.

ಆ ಕಲ್ಪನೆಯನ್ನು ತಂದವರು ವಿಲಿಯಂ ಗೀರ್. ಗುಡ್‌ರಿಚ್ ರಬ್ಬರ್ ಕಂಪೆನಿಯ ಉಪಾಧ್ಯಕ್ಷರಾಗಿದ್ದು ನಿವೃತ್ತರಾದ ರಸಾಯನಶಾಸ್ತ್ರಜ್ಞರು ಇವರು. ಇಥಾಕಾದಲ್ಲಿ ನೆಲಸಿ, ಗುಗನ್‌ಹೈಮ್ ನಿಧಿಯ ಸಹಾಯಧನ ಪಡೆದು, ಕಾರ್ನೆಲ್ ವಿಶ್ವವಿದ್ಯಾನಿಲಯದವರ ನೆರವಿನಿಂದ ಇವರು ಪ್ರಯೋಗಗಳನ್ನು ನಡೆಸಿದರು. ಇವರೂ ಮೊದಲು ಹಿಮ ಅಂಟದ ಎಣ್ಣೆಯ ಲೇಪವನ್ನೇ ಅರಸಿದರು. ಅದು ಕೈಗೂಡದೆ, ರೆಕ್ಕೆಯ ಮುಂಚೂಣಿಗೆ ರಬ್ಬರಿನ ಹಾಳೆಯೊಂದನ್ನು ತೊಡಿಸಿ ಅದರೊಳಗಿನ ಕೊಳವೆಗಳಿಗೆ ಗಾಳಿಯನ್ನು ತುಂಬುತ್ತ ಬಿಡುತ್ತ ಹೋಗುವ ಉಪಾಯವನ್ನು ಕಂಡರು. ರಬ್ಬರು ಉಬ್ಬಿದಾಗ ಮೇಲೆ ಕಟ್ಟಿದ ಗಡ್ಡೆ ಬಿರಿಯುತ್ತದೆ, ಬಿರಿದ ಚೂರುಗಳನ್ನು ಗಾಳಿ ಹೊಡೆದುಕೊಂಡು ಹೋಗುತ್ತದೆ. 1930ರಲ್ಲಿ ಅಂಚೆಯ ವಿಮಾನವೊಂದರ ಮೇಲೆ ಇದರ ಪರೀಕ್ಷೆ ನಡೆದು ಫಲಕಾರಿಯಾಯಿತು. ಕಂಪೆನಿಯವರು ಈ ಸರಕನ್ನು ‘ಡಿ-ಐಸರ್’ ಎಂಬ ಹೆಸರಿನಿಂದ ಮಾರಿದರು. ಪತ್ರಿಕೆಗಳ ಜಾಹೀರಾತುಗಳ ಮೂಲಕ ಆ ಹೆಸರು ಮನೆಮಾತಾಯಿತು. ಕ್ರಿಯಾಪದವು ವ್ಯಾಪಕವಾದದ್ದು ಈ ಉಪಕರಣದ ಹೆಸರಿನ ಬೆನ್ನು ಹಿಡಿದು ಎಂದು ನಾವು ಊಹಿಸುತ್ತೇವೆ. ಮೊದಲು ಕ್ರಿಯೆ, ಆಮೇಲೆ ಕರ್ತೃ ಎಂಬ ವೈಯಾಕರಣರ ಕ್ರಮವನ್ನು ವ್ಯಾಪಾರಿಯು ತಿರುಗುಮುರುಗಾಗಿಸಿದನು.

ಈ ಉಪಕರಣದ ರೀತಿಯೇ ಶಬ್ದದ ಅರ್ಥವನ್ನು ನಿರ್ಣಯಿಸಿತು. ಡಿ-ಐಸರ್ ಕೆಲಸ ಮಾಡಬೇಕಾದರೆ ಮೊದಲು ಗಡ್ಡೆ ಕಟ್ಟಿರಬೇಕು. ಅಷ್ಟಿಷ್ಟು ದಪ್ಪವಾಗಿ ಕಟ್ಟುವವರೆಗೆ ಕಾದು ರಬ್ಬರನ್ನು ಉಬ್ಬಿಸುವುದು ವೈಮಾನಿಕರಲ್ಲಿ ಬಹುಕಾಲ ರೂಢಿಯಾಗಿತ್ತು. ಎಂದರೆ ‘ಡಿ’ ಎಂಬ ಉಪಸರ್ಗದಲ್ಲಿ ಕಾಲದ ಸೂಚನೆಯೊಂದು ಅಡಗಿದೆ. ಅದು ಯಾವಾಗಲೂ ‘ಆದ ಮೇಲೆ’ ಬರುತ್ತದೆ.

‘ಆಗುವ ಮುನ್ನ’ ಎಂಬ ಪಕ್ಷವನ್ನು ಎತ್ತಿಹಿಡಿದವರು ಲೂಯಿಸ್ ರೋಡರ್ಟ್ ಎಂಬ ಸಂಶೋಧಕರು. ಯಂತ್ರದ ಹೊಗೆಯಲ್ಲಿ ಪೋಲಾಗುವ ಶಾಖದಿಂದ ಗಾಳಿಯನ್ನು ಕಾಯಿಸಿ ರೆಕ್ಕೆಯೊಳಗೆ ಹರಿಸಿದರೆ ಮೇಲ್ಮೈ ಬೆಚ್ಚಗಿದ್ದು ಗಡ್ಡೆಯೇ ಕಟ್ಟದೆಂಬುದನ್ನು ಅವರು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹಾರಿಸಿ ತೋರಿಸಿದರು. ಇದಕ್ಕಾಗಿ ಅವರಿಗೆ 1946ನೆಯ ವರ್ಷದ ಕಾಲಿಯರ್ ಪಾರಿತೋಷಕ ದೊರೆಯಿತು. ‘ಆಂಟಿ-ಐಸಿಂಗ್’ ಎಂಬ ಎರಡನೆಯ ಶಬ್ದಕ್ಕೆ ಬಲ ಬಂದದ್ದು ಇಂಥ ಸಾಧನಗಳಿಂದ. ಇಂದಿನ ದೊಡ್ಡ ಜೆಟ್ ವಿಮಾನಗಳ ರೆಕ್ಕೆಗಳಲ್ಲಿ ಯಂತ್ರದಿಂದ ತೆಗೆದ ಬಿಸಿಗಾಳಿಯನ್ನು ಹರಿಸುವ ಪದ್ಧತಿಯು ಈ ವಿಚಾರದ ಮುಂದುವರಿಕೆಯೇ. ಸಣ್ಣ ವಿಮಾನಗಳಲ್ಲಿ ಗೀರ್‌ರವರ ರಬ್ಬರು ಇಂದಿಗೂ ಉಳಿದಿದೆ.

ಇದೇ ಯುದ್ಧದ ಕಾಲದಲ್ಲಿ ಈ ವಿಷಯ ಭಾರತದ ಬಾಗಿಲಿಗೂ ಬಂದಿತ್ತು. 1942ರಿಂದ 1945ರವರೆಗೆ ಅಸ್ಸಾಮಿನಿಂದ ಹಿಮಾಲಯದ ಪೂರ್ವಶ್ರೇಣಿಗಳನ್ನು ದಾಟಿ ಚೀನದ ಕುನ್ಮಿಂಗಿಗೆ ಅಮೆರಿಕದ ಸರಕು ವಿಮಾನಗಳು ಹಾರಿದುವು. ವೈಮಾನಿಕರು ಆ ದಾರಿಯನ್ನು ‘ಹಂಪ್’ ಎಂದು, ಎಂದರೆ ಗೂನು ಎಂದು, ಕರೆದರು. ಅಲ್ಲಿ ಸುಮಾರು 600 ವಿಮಾನಗಳು ನಷ್ಟವಾದುವು. ಅದಕ್ಕೆ ಕಾರಣಗಳು ಹಲವು. ಬಿರುಗಾಳಿಯ ಜೊತೆಗೆ ರೆಕ್ಕೆಗೆ ಕಟ್ಟುವ ಹಿಮವೂ ಅವುಗಳಲ್ಲೊಂದು. 1940ರಲ್ಲಿ ಮೈಸೂರು ಸರಕಾರದ ಸಹಯೋಗದಿಂದ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ವಿಮಾನ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೈನ್ಯದ ಅಧೀನಕ್ಕೆ ಬಂದು, ಈ ರಂಗದ ವಿಮಾನಗಳ ದುರಸ್ತಿಯ ಕೇಂದ್ರವಾಗಿತ್ತು. ಹಿಮವನ್ನೇ ಕಾಣದ ನಮ್ಮ ಕೆಲಸಗಾರರ ಕಿವಿಗೆ ‘ಡಿ-ಐಸರ್’ ಎಂಬ ಶಬ್ದವು ಮೊದಲು ಬಿದ್ದದ್ದು ಅಲ್ಲಿಯೇ ಇರಬಹುದೆಂದು ನಮಗನ್ನಿಸುತ್ತದೆ.

ಇಷ್ಟರವರೆಗೆ ಹೇಳಿದ್ದು ಆಕಾಶದಲ್ಲಿ ಕಟ್ಟುವ ಗಡ್ಡೆಯ ವಿಷಯ. ನೆಲದ ಮೇಲೆ ನಿಂತ ವಿಮಾನದ ಮೇಲೆಯೂ ಹಿಮ ಬೀಳುತ್ತದೆ. ಹಿಮವಾಗಲಿ ಮಂಜುಗಡ್ಡೆಯಾಗಲಿ ರೆಕ್ಕೆಗೆ ಅಂಟಿರುವಾಗ ವಿಮಾನವು ನೆಲ ಬಿಡಬಾರದೆಂದು ಅಮೆರಿಕದಲ್ಲಿ 1950ರಲ್ಲಿಯೇ ನಿಯಮವಾಯಿತು. ಹೀಗಾಗಿ ಹಾರುವ ಮುನ್ನ ಬಿಸಿ ಗ್ಲೈಕಾಲ್ ದ್ರವವನ್ನು ರೆಕ್ಕೆಗಳ ಮೇಲೆ ಎರಚಿ ತೊಳೆಯುವ ಪದ್ಧತಿ ಬಳಕೆಗೆ ಬಂದಿತು. ಇಂದು ‘ಡಿ-ಐಸಿಂಗ್’ ಎಂದೊಡನೆ ಪ್ರಯಾಣಿಕರ ಕಣ್ಣಮುಂದೆ ಬರುವುದು ಈ ದೃಶ್ಯವೇ. ಕೆನಡ, ಅಮೆರಿಕಗಳಲ್ಲಿರುವ ನಮ್ಮ ಕನ್ನಡಿಗರು ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ಕಿಟಕಿಯ ಗಾಜಿನ ಮೇಲೆ ಹರಿಯುವ ಕಿತ್ತಳೆ ಬಣ್ಣದ, ಬಳಿಕ ಹಸುರು ಬಣ್ಣದ ನೀರನ್ನು ಕಂಡಿರುತ್ತಾರೆ. ಆ ಎರಡು ಬಣ್ಣಗಳ ಅರ್ಥವನ್ನು ಮುಂದೆ ಹೇಳುತ್ತೇವೆ.

ಈ ಕ್ರಿಯೆಯನ್ನು ಮಾಡದೆ ಬಿಟ್ಟದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆ ಒಬ್ಬ ಮನುಷ್ಯನ ಬಾಳನ್ನೇ ನುಂಗಿದ ಪ್ರಸಂಗವೊಂದುಂಟು. 1958ನೆಯ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಬ್ರಿಟಿಷ್ ವಿಮಾನವೊಂದು ಮೂರನೆಯ ಸಲ ಮೇಲೇರಲು ಯತ್ನಿಸಿ ವಿಫಲವಾಗಿ ಮನೆಯೊಂದಕ್ಕೆ ಬಡಿಯಿತು. ಸತ್ತವರು 23 ಮಂದಿ. ಅವರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ 8 ಆಟಗಾರರಿದ್ದರು. ಕ್ಯಾಪ್ಟನ್ ಜೇಮ್ಸ್ ಥೇನ್ ಬದುಕಿ ಉಳಿದರು. ರೆಕ್ಕೆಗಳ ಮೇಲಿನ ಹಿಮವನ್ನು ಅವರು ತೆಗೆಯಿಸಲಿಲ್ಲ, ಅದೇ ಅಪಘಾತಕ್ಕೆ ಕಾರಣವೆಂದು ಜರ್ಮನಿಯ ವಿಚಾರಣಾ ಮಂಡಲಿ ತೀರ್ಮಾನಿಸಿತು. ಅದಕ್ಕೆ ಆಧಾರವಾದದ್ದು ಅಪಘಾತವಾಗಿ ಗಂಟೆಗಳು ಕಳೆದ ಮೇಲೆ ರೆಕ್ಕೆಯ ಮೇಲೆ ಕಂಡ ಗಡ್ಡೆ. ಹಿಮ ಬೀಳುತ್ತಲೇ ಇದ್ದ ಆ ಸಂಜೆಯಲ್ಲಿ ಆ ಗಡ್ಡೆ ಮೊದಲೇ ಇತ್ತೋ ಆಮೇಲೆ ಕಟ್ಟಿತೋ ಎಂಬ ಪ್ರಶ್ನೆಯನ್ನು ಮಂಡಲಿ ಸಾಕಷ್ಟು ಕೆದಕಲಿಲ್ಲವೆಂದು ನಮ್ಮ ಅಭಿಪ್ರಾಯ. ಥೇನ್ ಕೆಲಸ ಕಳೆದುಕೊಂಡರು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಒಂದೇ ವಾದವನ್ನು ಹಿಡಿದು ಹೋರಾಡಿದರು: ರೆಕ್ಕೆಯಲ್ಲಿ ದೋಷವಿರಲಿಲ್ಲ, ಓಡುದಾರಿಯ ಮೇಲೆ ನಿಂತ ನೀರುಹಿಮದ ಕೆಸರು ಚಕ್ರಗಳನ್ನು ಹಿಡಿದೆಳೆಯಿತು. 1969ರಲ್ಲಿ ಪ್ರಕಟವಾದ ಬ್ರಿಟಿಷ್ ವರದಿ ಅವರ ವಾದವನ್ನು ಒಪ್ಪಿ ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಜರ್ಮನಿಯವರು ಒಪ್ಪಲಿಲ್ಲ. ಥೇನ್ 1975ರಲ್ಲಿ ತೀರಿಕೊಂಡರು. ಅವರು ಮತ್ತೆ ಯಾವ ವಿಮಾನ ಸಂಸ್ಥೆಗಾಗಿಯೂ ಹಾರಲಿಲ್ಲ.

ಆದರೆ ನಾವು ಆರಂಭದಲ್ಲಿ ಹೇಳಿದ ಎರಡು ಶಬ್ದಗಳು ಒಂದೇ ಘಟನೆಯಲ್ಲಿ ಎದುರುಬದುರಾಗಿ ನಿಂತದ್ದು 1982ನೆಯ ಜನವರಿ 13ರಂದು ವಾಷಿಂಗ್ಟನ್ ನಗರದಲ್ಲಿ. ಅಂದು ಹಿಮಪಾತದಿಂದ ವಿಮಾನನಿಲ್ದಾಣವನ್ನು ಕೆಲಕಾಲ ಮುಚ್ಚಲಾಗಿತ್ತು. ಫ್ಲಾರಿಡಕ್ಕೆ ಹೊರಟಿದ್ದ ಬೋಯಿಂಗ್ 737 ವಿಮಾನವೊಂದನ್ನು ಗ್ಲೈಕಾಲ್ ಎರಚಿ ತೊಳೆದರು. ಎರಚುವ ನಳಿಕೆಯ ತುದಿಯನ್ನು ಬದಲಾಯಿಸಿದ್ದ ಕಾರಣ ಆ ಮಿಶ್ರಣದಲ್ಲಿ ಇರಬೇಕಾದಷ್ಟು ಗ್ಲೈಕಾಲ್ ಇರಲಿಲ್ಲವೆಂಬುದು ತನಿಖೆಯಲ್ಲಿ ಹೊರಪಟ್ಟಿತು. ಆದರೂ ತೊಳೆದದ್ದು ಆಯಿತು, ಎಂದರೆ ‘ಡಿ-ಐಸ್’ ಆಯಿತು. ಬಳಿಕ ವಿಮಾನವು ಸಾಲಿನಲ್ಲಿ ಕಾದು ನಿಂತಿತು. ಹಿಮ ಬೀಳುತ್ತಲೇ ಇತ್ತು. ತೊಳೆದು 49 ನಿಮಿಷಗಳು ಕಳೆದ ಮೇಲೆ ಅದು ಓಡುದಾರಿಗೆ ಬಂದಿತು. ಕಾಯುತ್ತಿದ್ದಾಗ ಸಹವೈಮಾನಿಕನು ಆಡಿದ ಮಾತು ಧ್ವನಿಮುದ್ರಣದಲ್ಲಿ ಉಳಿದಿದೆ. ಇವುಗಳನ್ನು ಡಿ-ಐಸ್ ಮಾಡುವುದು ಸೋಲುವ ಕಾಳಗ, ಅದರಿಂದ ದೊರೆಯುವುದು ಸುರಕ್ಷಿತರಾಗಿದ್ದೇವೆಂಬ ಹುಸಿ ಭಾವನೆ ಮಾತ್ರ ಎಂಬುದು ಆ ಮಾತಿನ ಸಾರ. ಆ ಶಬ್ದದ ಮಿತಿಯನ್ನು ಅವನಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾವು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

ಅದೇ ಧ್ವನಿಮುದ್ರಣದಲ್ಲಿ ಇನ್ನೊಂದು ಶಬ್ದವೂ ಇದೆ. ಯಂತ್ರಗಳನ್ನು ಚಾಲೂ ಮಾಡಿದ ಮೇಲೆ ಓದುವ ಪರಿಶೀಲನಪಟ್ಟಿಯಲ್ಲಿ ‘ಆಂಟಿ-ಐಸ್’ ಎಂಬ ಪ್ರಶ್ನೆ ಬಂದಾಗ ‘ಆಫ್’ ಎಂಬ ಉತ್ತರ ಕೇಳಿಬರುತ್ತದೆ. ಯಂತ್ರದ ಮುಂಭಾಗವನ್ನು ಬಿಸಿಯಾಗಿಡುವ ಈ ಸಾಧನವನ್ನು ಅಂಥ ದಿನದಲ್ಲಿ ಹಾಕಲೇಬೇಕಿತ್ತು. ಹಾಕದ ಕಾರಣ ಯಂತ್ರದ ಒತ್ತಡವನ್ನು ಅಳೆಯುವ ನಳಿಕೆಯ ಬಾಯಿ ಗಡ್ಡೆಕಟ್ಟಿ ಮುಚ್ಚಿಕೊಂಡಿತು. ಒತ್ತಡದ ಅನುಪಾತವನ್ನು ತೋರಿಸುವ ಮಾಪಕದ ಮುಳ್ಳು 2.04 ಎಂದು ತೋರಿಸುತ್ತಿದ್ದಾಗ ನಿಜವಾದ ಅನುಪಾತ 1.70 ಮಾತ್ರವಿತ್ತು. ಓಡುದಾರಿಯಲ್ಲಿ ಓಡುವಾಗಲೇ ಸಹವೈಮಾನಿಕನು ಏನೋ ಸರಿಯಿಲ್ಲವೆಂದು ಮತ್ತೆ ಮತ್ತೆ ಹೇಳಿದನು. ಮುಖ್ಯ ವೈಮಾನಿಕನು ನಿಲ್ಲಿಸಲಿಲ್ಲ. ಮೇಲೆದ್ದ ವಿಮಾನವು ಪೊಟೋಮ್ಯಾಕ್ ನದಿಯ ಸೇತುವೆಗೆ ಬಡಿದು, ಹೆಪ್ಪುಗಟ್ಟಿದ ನೀರಿನಲ್ಲಿ ಬಿದ್ದಿತು. ಒಳಗಿದ್ದ 79 ಮಂದಿಯಲ್ಲಿ 74 ಮಂದಿಯೂ, ಸೇತುವೆಯ ಮೇಲೆ ವಾಹನಗಳಲ್ಲಿದ್ದ 4 ಮಂದಿಯೂ ಸತ್ತರು. ಒಂದೇ ವಿಮಾನದಲ್ಲಿ ಮೊದಲನೆಯ ಶಬ್ದದ ಕೆಲಸ ನಡೆದಿತ್ತು, ಎರಡನೆಯದರ ಕೆಲಸ ನಡೆದಿರಲಿಲ್ಲ. ಎರಡಕ್ಕೂ ‘ಹಿಮನಿವಾರಣೆ’ ಎಂದು ಬರೆದ ಪಟ್ಟಿಯನ್ನು ಹಿಡಿದು ಓದುವವನಿಗೆ ಅಂದು ಏನು ಲೋಪವಾಯಿತೆಂಬುದು ತಿಳಿಯುವ ಬಗೆಯೇ ಇಲ್ಲ.

ಈ ಪಾಠ ಒಂದೇ ಸಲಕ್ಕೆ ನಾಟಲಿಲ್ಲ. 1989ನೆಯ ಮಾರ್ಚ್ 10ರಂದು ಕೆನಡದ ಡ್ರೈಡನ್ನಿನಲ್ಲಿ ಹಿಮ ಹೊತ್ತ ರೆಕ್ಕೆಗಳೊಡನೆ ಹಾರಿದ ಫೊಕರ್ ವಿಮಾನ ಕಾಡಿನಲ್ಲಿ ಬಿದ್ದು 69 ಮಂದಿಯಲ್ಲಿ 24 ಮಂದಿ ಸತ್ತರು. ಯಂತ್ರ ನಡೆಯುತ್ತಿರುವಾಗ ದ್ರವ ಎರಚುವಂತಿರಲಿಲ್ಲ, ಯಂತ್ರವನ್ನು ನಿಲ್ಲಿಸಿದರೆ ಮತ್ತೆ ಹೊರಡಿಸುವ ಸಲಕರಣೆ ಆ ನಿಲ್ದಾಣದಲ್ಲಿರಲಿಲ್ಲ. ವೈಮಾನಿಕನೊಬ್ಬನ ತಪ್ಪೆಂದು ಕೈತೊಳೆದುಕೊಳ್ಳದೆ, ಇಡೀ ವ್ಯವಸ್ಥೆಯನ್ನೇ ವಿಚಾರಣೆಗೆ ಗುರಿಮಾಡಿದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿಯವರು 191 ಸಲಹೆಗಳನ್ನು ಕೊಟ್ಟರು. ಅವರ ವರದಿ ಹೊರಬಂದ 1992ರಲ್ಲಿಯೇ, ಮಾರ್ಚ್ 22ರ ರಾತ್ರಿ, ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಲ್ಲಿ ಅದೇ ಜಾತಿಯ ವಿಮಾನ ನೀರಿಗುರುಳಿ 51 ಮಂದಿಯಲ್ಲಿ 27 ಮಂದಿ ಸತ್ತರು. ಆ ವಿಮಾನವನ್ನು ಒಂದಲ್ಲ ಎರಡು ಸಲ ತೊಳೆಯಲಾಗಿತ್ತು! ಎರಡನೆಯ ಸಲ ತೊಳೆದು ಹಾರುವ ಹೊತ್ತಿಗೆ ಸುಮಾರು 35 ನಿಮಿಷಗಳು ಕಳೆದಿದ್ದುವು.

ಆ ವರ್ಷದ ಚಳಿಗಾಲದಿಂದ ಅಮೆರಿಕದ ನಿಯಮಗಳು ಬಿಗಿಯಾದುವು. ತೊಳೆದ ವಿಮಾನ ಎಷ್ಟು ಹೊತ್ತಿನವರೆಗೆ ಶುದ್ಧವಾಗಿ ಉಳಿಯಬಹುದೆಂಬ ಅವಧಿಯನ್ನು ಹಿಮಪಾತದ ಬಗೆ, ಉಷ್ಣತೆ, ದ್ರವದ ಜಾತಿಗಳಿಗನುಸಾರವಾಗಿ ಕೋಷ್ಟಕಗಳಲ್ಲಿ ಗೊತ್ತುಮಾಡುವುದು ಕಡ್ಡಾಯದ ಪದ್ಧತಿಯ ಭಾಗವಾಯಿತು. ಮೇಲೆ ಹೇಳಿದ ಎರಡು ಬಣ್ಣಗಳ ವಿಷಯ ಇಲ್ಲಿ ಬರುತ್ತದೆ. ಕಿತ್ತಳೆ ಬಣ್ಣದ್ದು ತೆಳುವಾದ ದ್ರವ. ಬಿಸಿಯಾಗಿ ಎರಚಿ ಇದ್ದ ಗಡ್ಡೆಯನ್ನು ಕಳೆಯುವುದು ಅದರ ಕೆಲಸ. ಹಸುರು ಬಣ್ಣದ್ದು ಗಂಜಿಯಂತೆ ಮಂದವಾದದ್ದು. ಅದು ರೆಕ್ಕೆಯ ಮೇಲೆ ಹೊದಿಕೆಯಾಗಿ ನಿಂತು ಹೊಸ ಹಿಮವನ್ನು ತಡೆಯುತ್ತದೆ, ವಿಮಾನ ವೇಗವಾಗಿ ಓಡಿದಾಗ ಗಾಳಿಯ ಉಜ್ಜುವಿಕೆಯಿಂದ ತೆಳುವಾಗಿ ಜಾರಿಹೋಗುತ್ತದೆ. ಮೊದಲನೆಯದು ಡಿ-ಐಸಿಂಗ್, ಎರಡನೆಯದು ಆಂಟಿ-ಐಸಿಂಗ್. 1930ರಲ್ಲಿ ಒಂದು ಉಪಕರಣದ ಹೆಸರಾಗಿ ಹೊರಟ ಶಬ್ದಕ್ಕೆ ಹೀಗೆ ಅರವತ್ತು ವರ್ಷಗಳ ಮೇಲೆ ಒಂದು ಜೊತೆಗಾರನೂ ಒಂದು ಗಡುವೂ ಕಡ್ಡಾಯವಾದುವು. ಹಾರುತ್ತಿರುವಾಗಲೂ ಶಬ್ದದ ಮಿತಿ ಮತ್ತೊಮ್ಮೆ ಬಯಲಾಯಿತು. 1994ನೆಯ ಅಕ್ಟೋಬರ್ 31ರಂದು ಇಂಡಿಯಾನದ ರೋಸ್‌ಲಾನ್ ಬಳಿ ಬಿದ್ದ ವಿಮಾನದಲ್ಲಿ ರಬ್ಬರಿನ ಕವಚವಿತ್ತು. ದೊಡ್ಡ ಹನಿಗಳು ಅದರ ಹಿಂದಕ್ಕೆ ಹರಿದು ಅದು ತಲುಪದ ಕಡೆ ಗಡ್ಡೆಕಟ್ಟಿದುವು. ಅಲ್ಲಿ 68 ಮಂದಿ ಸತ್ತರು.

ವಿಮಾನದಿಂದ ಕೆಳಗಿಳಿದ ಮೇಲೆ ಈ ಶಬ್ದದ ಚರಿತ್ರೆ ಅಷ್ಟು ದಾರುಣವಾಗಿಲ್ಲ. ರಸ್ತೆಯ ಹಿಮಕ್ಕೆ ಉಪ್ಪು ಚೆಲ್ಲುವುದನ್ನು ಅಮೆರಿಕದ ನ್ಯೂಹ್ಯಾಂಪ್‌ಷೈರ್ ಸಂಸ್ಥಾನವು 1938ರಲ್ಲಿ ಆ ದೇಶದ ಸಂಸ್ಥಾನಗಳಲ್ಲಿ ಎಲ್ಲಕ್ಕಿಂತ ಮೊದಲು ಪ್ರಯೋಗವಾಗಿ ಕೈಕೊಂಡಿತು. ಉಪ್ಪುನೀರು ಹೆಪ್ಪುಗಟ್ಟುವ ಉಷ್ಣತೆ ಸಾದಾ ನೀರಿಗಿಂತ ಕೆಳಗಿರುವುದೇ ಇದರ ತತ್ತ್ವ. ಇಲ್ಲಿ ಕನ್ನಡವು ಒಂದು ಸ್ವಾರಸ್ಯವನ್ನು ತೋರಿಸುತ್ತದೆ: ಗಡ್ಡೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ. ಎರಡು ಬೇರೆ ಬೇರೆ ಕ್ರಿಯೆಗಳಿಗೆ ನಮ್ಮಲ್ಲಿ ಒಂದೇ ಧಾತು. ಮೇಷ್ಟರು ತರಗತಿಯಲ್ಲಿ ಇದನ್ನು ವಿವರಿಸುವಾಗ ತುಸು ಎಚ್ಚರ ವಹಿಸಬೇಕು. ‘ಡಿಫ್ರಾಸ್ಟ್’ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಶಬ್ದ. ನಮ್ಮ ಮನೆಗಳಲ್ಲಿ ಫ್ರಿಜ್ಜಿನ ಮೇಲಿನ ಗೂಡು ಬೆಳ್ಳಗೆ ಗಡ್ಡೆಕಟ್ಟಿ ಮುಚ್ಚಳ ಹಾಕಲಾಗದಂತಾದಾಗ ನಾವು ಮಾಡುವುದು ಅದನ್ನೇ. ಕಾರಿನ ಮುಂಗಾಜಿನ ವಿಷಯದಲ್ಲಿ ಡಿ-ಐಸ್, ಡಿಫ್ರಾಸ್ಟ್ ಎರಡೂ ನಡೆಯುತ್ತವೆ. ‘ಥಾ’ ಎಂಬ ಹಳೆಯ ಶಬ್ದವು ತಾನಾಗಿ ಕರಗುವುದಕ್ಕೂ ಒಪ್ಪುತ್ತದೆ. ‘ಡಿ-ಐಸ್’ ಮಾತ್ರ ತಾನಾಗಿ ಆಗುವುದಿಲ್ಲ, ಮಾಡುವವನೊಬ್ಬನನ್ನು ಅದು ಯಾವಾಗಲೂ ಬೇಡುತ್ತದೆ. ಬರಹದಲ್ಲಿ ಬ್ರಿಟಿಷರು ನಡುವೆ ಅಡ್ಡಗೆರೆಯನ್ನು ಉಳಿಸಿಕೊಂಡಿದ್ದಾರೆ, ಅಮೆರಿಕದವರು ಅದನ್ನು ಬಿಡುವುದೇ ಹೆಚ್ಚು.

ಈಗ ಹಸ್ತಪ್ರತಿಗೆ ಹಿಂದಿರುಗೋಣ. ‘ನಿವಾರಣೆ’ ಎಂಬ ಶಬ್ದವು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ಬಂದ ಕಷ್ಟವನ್ನು ಕಳೆಯುವುದೂ ನಿವಾರಣೆಯೇ, ಬರುವ ಕಷ್ಟವನ್ನು ದೂರವಿಡುವುದೂ ನಿವಾರಣೆಯೇ. ಮೂಲಾರ್ಥದಲ್ಲಿ ತಡೆಯುವುದೆಂದಿದ್ದರೂ ಬಳಕೆಯಲ್ಲಿ ಅದು ಕಳೆಯುವುದರ ಕಡೆಗೂ ವಾಲಿದೆ. ಪ್ರಾರ್ಥನೆಯಲ್ಲಿ ಈ ಸಂದಿಗ್ಧತೆಯಿಂದ ಯಾರಿಗೂ ಹಾನಿಯಿಲ್ಲ, ದೇವರಿಗೆ ಎರಡೂ ತಿಳಿದಿರುತ್ತವೆ. ಪರಿಶೀಲನಪಟ್ಟಿಯಲ್ಲಿ ಹಾಗಲ್ಲ. ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ‘ಹಿಮಾಪಕರ್ಷಣ’ ಮತ್ತು ‘ಹಿಮಪ್ರತಿಬಂಧ’ ಎಂಬ ಜೋಡಿಯನ್ನು ಸೂಚಿಸಿದರು. ಅರ್ಥದಲ್ಲಿ ಅವು ನಿರ್ದುಷ್ಟವಾದರೂ, ಚಳಿಯಲ್ಲಿ ನಿಂತು ನಳಿಕೆ ಹಿಡಿದವನ ಬಾಯಲ್ಲಿ ಅವು ನಿಲ್ಲವು. ಇಂಗ್ಲಿಷ್ ಶಬ್ದಗಳನ್ನೇ ಕನ್ನಡ ಲಿಪಿಯಲ್ಲಿ ಬರೆಯಬೇಕೆಂಬ ಪಕ್ಷವೂ ಇತ್ತು. ಕೆಲಸಗಾರರ ಬಳಕೆ ಹಾಗೆಯೇ ಇರುವುದರಿಂದ ಅದನ್ನು ತಳ್ಳಿಹಾಕುವುದು ಹಠವಾದೀತು. ಆದರೆ ವಿದ್ಯಾರ್ಥಿಗೆ ಅರ್ಥ ಹೊಳೆಯುವಂತೆ ಒಂದು ವಿವರಣೆ ಜೊತೆಗಿರಬೇಕು.

ಆದಕಾರಣ ನಾವು ಹಸ್ತಪ್ರತಿಯಲ್ಲಿ ‘ಹಿಮನಿವಾರಣೆ’ಯನ್ನು ಎರಡು ಕಡೆಯಲ್ಲೂ ಹೊಡೆದುಹಾಕಿದೆವು. ‘ಡಿ-ಐಸಿಂಗ್’ ಎಂಬುದರ ಎದುರಿಗೆ ‘ಕಟ್ಟಿದ ಗಡ್ಡೆಯನ್ನು ಬಿಡಿಸುವುದು, ಗಡ್ಡೆಬಿಡಿಸಿಕೆ’ ಎಂದೂ, ‘ಆಂಟಿ-ಐಸಿಂಗ್’ ಎಂಬುದರ ಎದುರಿಗೆ ‘ಗಡ್ಡೆ ಕಟ್ಟದಂತೆ ತಡೆಯುವುದು, ಗಡ್ಡೆತಡೆ’ ಎಂದೂ ಬರೆದು ಹಿಂದಿರುಗಿಸಿದ್ದೇವೆ. ಹುಣಸೆಯ ಬೀಜವನ್ನು ಬಿಡಿಸುವ ಕ್ರಿಯಾಪದವೇ ಇಲ್ಲಿಗೂ ಸಲ್ಲುತ್ತದೆಂದು ನಮಗೆ ತೋರಿತು. ಇದಕ್ಕಿಂತ ಒಳ್ಳೆಯ ಶಬ್ದಗಳು ವಾಚಕರಿಗೆ ಹೊಳೆದರೆ ವಿಭಾಗಕ್ಕೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.